ಹಳೆಯ ಸ್ಮಾರ್ಟ್‌ಫೋನ್: ದುರಸ್ತಿಯೇ, ಬದಲಾವಣೆಯೇ?

ವ್ಯಾಪಾರಸ್ಥರಿಗೆ ಒಂದು ಅಧ್ಯಯನ ಪಾಠ

ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಬೀಳಬೇಕು. ಸರಕು ಸಾಗಿಸುವ ವಾಹನದ ಎಫ್.ಸಿ. ಎಂದು ಮುಗಿಯುತ್ತದೆ ಎಂಬುದನ್ನು ಯಾವ ಮಾಲೀಕನೂ ಮರೆಯುವುದಿಲ್ಲ. ಗೋದಾಮಿನ ಗೋಡೆಯ ಮೇಲಿರುವ ಅಗ್ನಿಶಾಮಕ ಸಿಲಿಂಡರಿಗೂ ಮರುಭರ್ತಿಯ ದಿನಾಂಕದ ಚೀಟಿ ಅಂಟಿರುತ್ತದೆ. ಆದರೆ ಬ್ಯಾಂಕಿನ ಚಾಲ್ತಿ ಖಾತೆ, ಗಿರಾಕಿಗಳ ದೂರವಾಣಿ ಸಂಖ್ಯೆಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರುಗಳು, ತೆರಿಗೆ ಜಾಲತಾಣದ ಒ.ಟಿ.ಪಿ. ಇಷ್ಟೆಲ್ಲವನ್ನೂ ಹೊತ್ತು ಜೇಬಿನಲ್ಲಿ ಕುಳಿತಿರುವ ಸ್ಮಾರ್ಟ್‌ಫೋನಿಗೂ ಅಂತಹುದೇ ಒಂದು ಕೊನೆಯ ದಿನಾಂಕವಿದೆ ಎಂಬುದು ನಮ್ಮಲ್ಲಿ ಬಹುಮಂದಿಯ ಗಮನಕ್ಕೆ ಬಂದಿರುವುದಿಲ್ಲ.

ಫೋನ್ ಬದಲಿಸುವ ತೀರ್ಮಾನವನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೈಗೊಳ್ಳುತ್ತೇವೆ. ದಸರೆ, ದೀಪಾವಳಿಯ ರಿಯಾಯಿತಿ ಜಾಹೀರಾತನ್ನೋ ನೆರೆಯ ಅಂಗಡಿಯವರ ಕೈಯಲ್ಲಿನ ಹೊಸ ಮಾದರಿಯನ್ನೋ ಕಂಡು ಕೊಳ್ಳುವುದು ಒಂದು ರೀತಿ. ‘ಇನ್ನೂ ನಡೆಯುತ್ತಿದೆಯಲ್ಲ, ನಡೆಯುವಷ್ಟು ದಿನ ನಡೆಯಲಿ’ ಎಂದು ಪೂರ್ತಿ ಕೆಡುವವರೆಗೆ ಕಾಯುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ದುಂದುವೆಚ್ಚವಿದೆ, ಎರಡನೆಯದರಲ್ಲಿ ಅಪಾಯವಿದೆ, ಎರಡರಲ್ಲಿಯೂ ಲೆಕ್ಕವಿಲ್ಲ. ಒಂದು ಯಂತ್ರವನ್ನು ಬದಲಿಸುವಾಗ ನಾವು ಹಾಕುವ ಲೆಕ್ಕವನ್ನೇ ಫೋನಿಗೂ ಅನ್ವಯಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಫೋನ್ ಹಳತಾಗುವ ಮೂರು ಬಗೆಗಳು

ಫೋನ್ ಹಳತಾಯಿತು ಎಂದು ಒಂದೇ ಮಾತಿನಲ್ಲಿ ಹೇಳುತ್ತೇವಾದರೂ ಅದರಲ್ಲಿ ಮೂರು ಪ್ರತ್ಯೇಕ ಸಂಗತಿಗಳು ಅಡಗಿವೆ. ಮೊದಲನೆಯದು ಬ್ಯಾಟರಿಯ ಸವೆತ. ಎರಡನೆಯದು ಸಂಗ್ರಹ ತುಂಬಿ ವೇಗ ಕುಂದುವುದು. ಮೂರನೆಯದು ತಯಾರಕರು ಆ ಮಾದರಿಗೆ ಭದ್ರತಾ ಪರಿಷ್ಕರಣೆ ನೀಡುವುದನ್ನು ನಿಲ್ಲಿಸುವುದು. ಮೊದಲೆರಡು ಕಣ್ಣಿಗೆ ಕಾಣುತ್ತವೆ, ಕೈಗೆ ತಿಳಿಯುತ್ತವೆ, ಮತ್ತು ಅಲ್ಪ ವೆಚ್ಚದಲ್ಲಿ ಸರಿಹೋಗುತ್ತವೆ. ಮೂರನೆಯದು ಕಾಣುವುದಿಲ್ಲ, ಎಷ್ಟು ಖರ್ಚು ಮಾಡಿದರೂ ಮಾಲೀಕನಿಂದ ಸರಿಪಡಿಸಲಾಗದು. ಕಾಣುವ ದೋಷಕ್ಕೆ ಹೊಸ ಫೋನ್ ಕೊಳ್ಳುವುದು, ಕಾಣದ ದೋಷವನ್ನು ಹಾಗೆಯೇ ಬಿಡುವುದು, ಇದೇ ನಾವು ಮಾಡುವ ಮೂಲ ತಪ್ಪು.

ಬ್ಯಾಟರಿ

ಲಿಥಿಯಂ-ಅಯಾನ್ ಬ್ಯಾಟರಿ ಎಣ್ಣೆ ದೀಪದಂತೆ ಅಲ್ಲ. ಅದಕ್ಕೆ ತುಂಬಿದಷ್ಟೂ ಸವೆತವಿದೆ. ಶೇ. 100ರಷ್ಟು ಶಕ್ತಿ ತುಂಬಿ ಬಳಸಿದರೆ ಒಂದು ಆವರ್ತ. ಆ್ಯಪಲ್ ಕಂಪನಿಯು ತನ್ನ ಐಫೋನ್ 14 ಮತ್ತು ಅದಕ್ಕೂ ಹಿಂದಿನ ಮಾದರಿಗಳು ಆದರ್ಶ ಸ್ಥಿತಿಯಲ್ಲಿ 500 ಆವರ್ತಗಳ ನಂತರ, ಐಫೋನ್ 15ರ ಮಾದರಿಗಳು 1,000 ಆವರ್ತಗಳ ನಂತರ ಮೂಲ ಸಾಮರ್ಥ್ಯದ ಶೇ. 80ನ್ನು ಉಳಿಸಿಕೊಳ್ಳುತ್ತವೆ ಎಂದು ತಿಳಿಸಿದೆ. ಬೆಳಗಿನಿಂದ ರಾತ್ರಿಯವರೆಗೆ ವ್ಯಾಪಾರಕ್ಕೆ ದುಡಿಯುವ ಫೋನಿಗೆ ದಿನಕ್ಕೊಂದು ಆವರ್ತ ಸಹಜ. ಆ ಲೆಕ್ಕದಲ್ಲಿ 500 ಆವರ್ತಗಳು ಒಂದೂವರೆ ವರ್ಷಕ್ಕೆ ತಲಪುತ್ತವೆ.

ಸವೆದ ಬ್ಯಾಟರಿಯ ತೊಂದರೆ ಬೇಗ ಖಾಲಿಯಾಗುವುದಷ್ಟೇ ಅಲ್ಲ. ಅದರ ಆಂತರಿಕ ರೋಧ ಹೆಚ್ಚುವುದರಿಂದ, ಒಮ್ಮೆಲೇ ಹೆಚ್ಚು ಶಕ್ತಿ ಬೇಕಾದಾಗ ವೋಲ್ಟೇಜ್ ಕುಸಿದು, ಪರದೆಯ ಮೇಲೆ ಶೇ. 30 ಎಂದು ತೋರುತ್ತಿರುವಾಗಲೇ ಫೋನ್ ಆರಿಹೋಗುತ್ತದೆ. ಈ ಲೇಖಕನಿಗೆ ಆ ಪಾಠ ದೊರೆತದ್ದು ಒಂದು ತಿಂಗಳ 20ನೇ ತಾರೀಖಿನ ರಾತ್ರಿ. ಜಿ.ಎಸ್.ಟಿ. ವಿವರಣ ಪತ್ರ ಸಿದ್ಧವಿತ್ತು, ಒ.ಟಿ.ಪಿ. ಬರುವುದಷ್ಟೇ ಬಾಕಿ, ಫೋನ್ ಆರಿತು, ಮತ್ತೆ ಹೊತ್ತಿಕೊಳ್ಳುವ ವೇಳೆಗೆ ತಾರೀಖು ಬದಲಾಗಿತ್ತು. ತೆತ್ತ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯದು, ದೊಡ್ಡ ಮೊತ್ತವೇನಲ್ಲ. ಆದರೆ ಮರುದಿನವೇ ಹೊಸ ಫೋನಿಗೆ ಹಣ ಎಣಿಸಲು ಹೊರಟವನನ್ನು ಅಂಗಡಿಯ ಗುಮಾಸ್ತರು ತಡೆದು, ಬ್ಯಾಟರಿ ಮಾತ್ರ ಬದಲಿಸಿ ನೋಡಲು ಹೇಳಿದರು. ಆ ಫೋನ್ ಮತ್ತೆ ಎರಡು ವರ್ಷ ದುಡಿಯಿತು.

ಇದು ಒಬ್ಬರ ಅನುಭವವಷ್ಟೇ ಅಲ್ಲ ಎಂಬುದಕ್ಕೆ ದೊಡ್ಡ ನಿದರ್ಶನವೊಂದಿದೆ. ಸವೆದ ಬ್ಯಾಟರಿಯ ಹಳೆಯ ಐಫೋನುಗಳು ಹಠಾತ್ತನೆ ಆರದಿರಲೆಂದು ತಂತ್ರಾಂಶದ ಮೂಲಕ ಅವುಗಳ ವೇಗವನ್ನು ತಗ್ಗಿಸಿರುವುದಾಗಿ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗ್ರಾಹಕರ ಆಕ್ರೋಶದ ನಂತರ ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 2018ರ ಅವಧಿಗೆ 29 ಡಾಲರಿಗೆ ಇಳಿಸಿತು. 2019ರ ಜನವರಿಯಲ್ಲಿ ವರಮಾನ ನಿರೀಕ್ಷೆ ಮುಟ್ಟದಿರುವುದಕ್ಕೆ ಕಾರಣ ನೀಡಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ, ಗ್ರಾಹಕರು ಅಗ್ಗದ ಬ್ಯಾಟರಿ ಬದಲಾವಣೆಯ ಲಾಭ ಪಡೆದದ್ದೂ ಒಂದು ಕಾರಣವಾಗಿತ್ತು. ಹೊಸ ಫೋನ್ ಬೇಕೆಂದು ಭಾವಿಸಿದ್ದ ಅನೇಕರಿಗೆ ನಿಜವಾಗಿ ಬೇಕಾಗಿದ್ದುದು ಹೊಸ ಬ್ಯಾಟರಿ ಎಂದು ಇದರಿಂದ ಊಹಿಸಬಹುದು.

ಬ್ಯಾಟರಿಯನ್ನು ಸಾಧ್ಯವಾದಷ್ಟು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಬದಲಿಸುವುದು ಲೇಸು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ನುರಿತ ಕೆಲಸಗಾರರಿದ್ದಾರೆ. ಅಲ್ಲಿ ಬದಲಿಸುವುದಾದರೆ ಬ್ಯಾಟರಿ ಯಾರ ತಯಾರಿಕೆಯದು, ಖಾತರಿ ಎಷ್ಟು ತಿಂಗಳು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಬ್ಯಾಟರಿ ಉಬ್ಬಿ ಫೋನಿನ ಹಿಂಬದಿ ಎದ್ದಿದ್ದರೆ ಅದನ್ನು ಚಾರ್ಜಿಗೆ ಹಾಕದೆ ಕೂಡಲೇ ಬಳಕೆ ನಿಲ್ಲಿಸಬೇಕು. ಅದು ಬೆಂಕಿಯ ಅಪಾಯ.

ಸಂಗ್ರಹ ಮತ್ತು ವೇಗ

ನಿಧಾನವಾದ ಫೋನುಗಳಲ್ಲಿ ಹಲವು ವಾಸ್ತವವಾಗಿ ತುಂಬಿಹೋದ ಫೋನುಗಳು. ಸರಕಿನ ಚಿತ್ರಗಳು, ಶುಭೋದಯದ ಸಂದೇಶಗಳು, ಗುಂಪುಗಳಲ್ಲಿ ಬಂದ ವಿಡಿಯೋಗಳು ಸಂಗ್ರಹವನ್ನು ಅಂಚಿನವರೆಗೆ ತುಂಬಿದಾಗ ಫೋನ್ ಏದುಸಿರು ಬಿಡುತ್ತದೆ. ಮುಖ್ಯ ಕಡತಗಳನ್ನು ಕಂಪ್ಯೂಟರಿಗೆ ವರ್ಗಾಯಿಸಿ, ಬಳಸದ ಆ್ಯಪ್‌ಗಳನ್ನು ತೆಗೆದು, ಶೇ. 20ರಷ್ಟಾದರೂ ಜಾಗ ಬಿಡಿಸಿ ಒಂದು ವಾರ ನೋಡಬೇಕು. ಆಮೇಲೂ ಯು.ಪಿ.ಐ. ಆ್ಯಪ್ ತೆರೆಯಲು ಗಿರಾಕಿಯನ್ನು ನಿಲ್ಲಿಸಿಕೊಳ್ಳಬೇಕಾಗಿದ್ದರೆ ಆಗ ಅದು ಯಂತ್ರದ ಮಿತಿ ಎಂದು ತಿಳಿಯಬಹುದು.

ಭದ್ರತೆ: ಕಾಣದ ಎಫ್.ಸಿ. ದಿನಾಂಕ

2015ರ ಆಗಸ್ಟ್‌ನಿಂದ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಕಾರ್ಯಾಚರಣಾ ತಂತ್ರಾಂಶದಲ್ಲಿ ಪತ್ತೆಯಾದ ಭದ್ರತಾ ದೋಷಗಳ ಮತ್ತು ಅವುಗಳ ಪರಿಹಾರದ ಮಾಹಿತಿಯನ್ನು ಪ್ರಕಟಿಸುವ ಕ್ರಮವನ್ನು ಆರಂಭಿಸಿತು. ಫೋನ್ ತಯಾರಕರು ಆ ಪರಿಹಾರವನ್ನು ತಮ್ಮ ತಮ್ಮ ಮಾದರಿಗಳಿಗೆ ಹೊಂದಿಸಿ ಕಳುಹಿಸಬೇಕು. ಯಾವ ಮಾದರಿಗೆ ಎಷ್ಟು ವರ್ಷ ಕಳುಹಿಸಬೇಕೆಂಬುದು ತಯಾರಕರ ನಿರ್ಧಾರ. ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷಗಳ ಪರಿಷ್ಕರಣೆಯ ಭರವಸೆ ನೀಡಿದವು. ಕಡಿಮೆ ಬೆಲೆಯ ಎಷ್ಟೋ ಮಾದರಿಗಳಿಗೆ ದೊರೆಯುವ ಅವಧಿ ಇದಕ್ಕಿಂತ ಬಹಳ ಕಡಿಮೆ.

ಪರಿಷ್ಕರಣೆ ನಿಂತ ಮರುದಿನ ಫೋನ್ ಎಂದಿನಂತೆಯೇ ನಡೆಯುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೋಷಕ್ಕೆ ಪರಿಹಾರ ಪ್ರಕಟವಾದಾಗ ದೋಷ ಎಲ್ಲಿತ್ತೆಂಬುದೂ ಲೋಕಕ್ಕೆ ತಿಳಿಯುತ್ತದೆ. ಪರಿಹಾರ ಪಡೆದವರ ಬಾಗಿಲು ಮುಚ್ಚಿತು. ಪಡೆಯದವರ ಮನೆಯ ಯಾವ ಬಾಗಿಲಿಗೆ ಅಗಳಿಯಿಲ್ಲ ಎಂಬುದು ಕಳ್ಳರಿಗೆ ಗೊತ್ತಾಯಿತು. ತಿಂಗಳು ಕಳೆದಂತೆ ಅಂತಹ ಬಾಗಿಲುಗಳ ಸಂಖ್ಯೆ ಬೆಳೆಯುತ್ತದೆ.

ಆ್ಯಪ್‌ಗಳೂ ಕ್ರಮೇಣ ಹಳೆಯ ಫೋನುಗಳ ಕೈ ಬಿಡುತ್ತವೆ. ವಾಟ್ಸ್‌ಆ್ಯಪ್ 2025ರ ಜನವರಿ 1ರಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿಯೂ, ಅದೇ ವರ್ಷದ ಮೇ 5ರಿಂದ ಐ.ಒ.ಎಸ್. 15.1ಕ್ಕಿಂತ ಹಿಂದಿನ ಐಫೋನುಗಳಲ್ಲಿಯೂ ತನ್ನ ಸೇವೆಯನ್ನು ನಿಲ್ಲಿಸಿತು. ಆರ್ಡರುಗಳೆಲ್ಲ ಅದರ ಮೂಲಕವೇ ಬರುವ ಅಂಗಡಿಗೆ ಇದು ದೂರವಾಣಿ ತಂತಿ ಕಡಿದಂತೆ.

ಆಂಡ್ರಾಯ್ಡ್ ಫೋನಿನಲ್ಲಿ ‘ಸೆಟ್ಟಿಂಗ್ಸ್’ ತೆರೆದು ಫೋನಿನ ವಿವರಕ್ಕೆ ಹೋದರೆ ಕೊನೆಯ ಭದ್ರತಾ ಪರಿಷ್ಕರಣೆಯ ದಿನಾಂಕ ಕಾಣುತ್ತದೆ. ಅದು ಆರು ತಿಂಗಳಿಗಿಂತ ಹಳೆಯದಾಗಿದ್ದರೆ, ಆ ಮಾದರಿಗೆ ಬೆಂಬಲ ಉಳಿದಿದೆಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಪರಿಶೀಲಿಸಬೇಕು.

ಇಲ್ಲಿ ಅತಿಶಯದ ಮಾತೂ ಸಲ್ಲದು. ಮದುವೆಯ ಆಮಂತ್ರಣ ಅಥವಾ ಸಂಚಾರ ದಂಡದ ನೋಟಿಸ್ ಎಂಬ ಸೋಗಿನಲ್ಲಿ ಬರುವ ನಕಲಿ ಆ್ಯಪ್ ಸ್ಥಾಪಿಸಿಕೊಂಡು, ಒ.ಟಿ.ಪಿ. ಹೇಳಿ ಹಣ ಕಳೆದುಕೊಳ್ಳುವುದನ್ನು ಹೊಸ ಫೋನ್ ತಾನಾಗಿ ತಡೆಯುವುದಿಲ್ಲ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದೀಚೆಗೆ ಹೊರಗಿನಿಂದ ಸ್ಥಾಪಿಸಿದ ಆ್ಯಪ್‌ಗಳಿಗೆ ಕೆಲವು ಅಪಾಯಕಾರಿ ಅನುಮತಿಗಳು ಸುಲಭವಾಗಿ ದೊರೆಯದಂತೆ ನಿರ್ಬಂಧವಿದೆಯೆಂಬುದು ನಿಜ. ಆದರೂ ಎಚ್ಚರಿಕೆಗೆ ಬದಲಿ ಇಲ್ಲ. ಹಣ ಹೋದದ್ದು ತಿಳಿದ ಕ್ಷಣವೇ 1930 ಸಹಾಯವಾಣಿಗೆ ಕರೆ ಮಾಡುವುದನ್ನು ಅಂಗಡಿಯ ಸಿಬ್ಬಂದಿಗೂ ತಿಳಿಸಿರಬೇಕು.

ತಿಂಗಳ ವೆಚ್ಚದ ಲೆಕ್ಕ

ಫೋನಿನ ಬೆಲೆಯನ್ನು ನೋಡಬಾರದು, ತಿಂಗಳ ವೆಚ್ಚವನ್ನು ನೋಡಬೇಕು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಹೊಸ ಫೋನಿನ ಬೆಲೆ ರೂ. 18,000, ಶೇ. 18ರಂತೆ ಜಿ.ಎಸ್.ಟಿ. ರೂ. 3,240, ಒಟ್ಟು ರೂ. 21,240. ತೆರಿಗೆ ಜಮೆ ಪಡೆಯಬಲ್ಲ ವ್ಯಾಪಾರಿಗೆ ನಿವ್ವಳ ವೆಚ್ಚ ರೂ. 18,000. ಅದನ್ನು 48 ತಿಂಗಳು ಬಳಸಿದರೆ ತಿಂಗಳಿಗೆ ರೂ. 375. ಅದೇ ಫೋನನ್ನು 24 ತಿಂಗಳಿಗೆ ರೂ. 5,000ಕ್ಕೆ ಮಾರಿ ಬದಲಿಸಿದರೆ ತಿಂಗಳಿಗೆ ಸುಮಾರು ರೂ. 542. ಐವರು ಮಾರಾಟ ಪ್ರತಿನಿಧಿಗಳಿಗೆ ಫೋನ್ ಕೊಡಿಸುವ ಸಂಸ್ಥೆಗೆ ಈ ವ್ಯತ್ಯಾಸವೇ ವರ್ಷಕ್ಕೆ ರೂ. 10,000 ಆಗುತ್ತದೆ.

ಈಗ ಹಳೆಯ ಫೋನಿನ ಲೆಕ್ಕ. ಬ್ಯಾಟರಿಗೆ ರೂ. 2,400 ಖರ್ಚು ಮಾಡಿ 18 ತಿಂಗಳು ಮುಂದುವರಿಸಿದರೆ ತಿಂಗಳಿಗೆ ರೂ. 133 ಎಂದು ತೋರುತ್ತದೆ. ಆದರೆ ಇಂದು ರೂ. 4,000 ಬಾಳುವ ಹಳೆಯ ಫೋನ್ ಅಷ್ಟು ಕಾಲದ ನಂತರ ರೂ. 1,500ಕ್ಕೆ ಇಳಿಯಬಹುದು. ಆ ನಷ್ಟವನ್ನೂ ಸೇರಿಸಿದರೆ ರೂ. 4,900, ಅಂದರೆ ತಿಂಗಳಿಗೆ ರೂ. 272. ಇಷ್ಟಾದರೂ ದುರಸ್ತಿಯೇ ಅಗ್ಗ.

ಮೂರನೆಯ ಅಂಕಿಯೊಂದಿದೆ, ಅದನ್ನು ಯಾರೂ ಬರೆಯುವುದಿಲ್ಲ. ದುರಸ್ತಿಯ ನಂತರವೂ ಫೋನ್ ನಿಧಾನವಾಗಿದ್ದು ದಿನಕ್ಕೆ 15 ನಿಮಿಷ ವ್ಯರ್ಥವಾದರೆ, 26 ಕೆಲಸದ ದಿನಗಳಿಗೆ ಆರೂವರೆ ಗಂಟೆ. ಗಂಟೆಗೆ ರೂ. 100 ಎಂದು ಎಣಿಸಿದರೂ ತಿಂಗಳಿಗೆ ರೂ. 650. ಆಗ ಹಳೆಯ ಫೋನಿನ ನಿಜವಾದ ವೆಚ್ಚ ರೂ. 922 ಆಗಿ, ರೂ. 375ರ ಹೊಸ ಫೋನೇ ಅಗ್ಗವಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ದುರಸ್ತಿಗೆ ಎಷ್ಟಾಗುತ್ತದೆ?’ ಎಂಬುದಲ್ಲ, ‘ದುರಸ್ತಿಯಿಂದ ತೊಂದರೆ ಹೋಗುತ್ತದೆಯೇ?’ ಎಂಬುದು.

ತೆರಿಗೆಯ ಅಂಶಗಳು

ಮೊಬೈಲ್ ಫೋನುಗಳ ಮೇಲಿನ ಜಿ.ಎಸ್.ಟಿ. ದರವನ್ನು 2020ರ ಏಪ್ರಿಲ್ 1ರಿಂದ ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ನೋಂದಾಯಿತ ವ್ಯಾಪಾರಿಯು ವ್ಯವಹಾರಕ್ಕಾಗಿ ಕೊಂಡ ಫೋನಿನ ಬಿಲ್ಲಿನಲ್ಲಿ ತನ್ನ ಜಿ.ಎಸ್.ಟಿ. ಸಂಖ್ಯೆ ಬರೆಸಿದರೆ ಹೂಡುವಳಿ ತೆರಿಗೆ ಜಮೆಗೆ ಅವಕಾಶವಿದೆ. ಸ್ವಂತ ಬಳಕೆಯ ಪಾಲಿಗೆ ಜಮೆ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಅವರು ಮೇಲಿನ ಲೆಕ್ಕದಲ್ಲಿ ರೂ. 21,240ನ್ನೇ ಹಿಡಿಯಬೇಕು, ತಿಂಗಳಿಗೆ ರೂ. 442.50 ಆಗುತ್ತದೆ.

ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ವಿನಿಮಯದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 2017ರ ಕೇಂದ್ರ ಜಿ.ಎಸ್.ಟಿ. ನಿಯಮಗಳ 27ನೇ ನಿಯಮವು ನೀಡುವ ಉದಾಹರಣೆಯೇ ಫೋನಿನದು: ಹಳೆಯ ಫೋನ್ ಪಡೆದು ಹೊಸದನ್ನು ರೂ. 20,000ಕ್ಕೆ ಕೊಟ್ಟರೂ, ವಿನಿಮಯವಿಲ್ಲದೆ ಅದರ ಬೆಲೆ ರೂ. 24,000 ಇದ್ದರೆ ತೆರಿಗೆಯ ದೃಷ್ಟಿಯಲ್ಲಿ ಅದರ ಮೌಲ್ಯ ರೂ. 24,000. ವಿನಿಮಯದ ಕಡಿತದಿಂದ ತೆರಿಗೆ ಕಡಿಮೆಯಾಗುತ್ತದೆ ಎಂದು ಭಾವಿಸಬಾರದು.

ಜಮೆ ಪಡೆದ ಹಳೆಯ ಫೋನನ್ನು ಮಾರುವಾಗಲೂ ಹೊಣೆಯಿದೆ. ಮೊದಲು ಪಡೆದ ಜಮೆಯಿಂದ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದ ಮೊತ್ತ, ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ರೂ. 3,240 ಜಮೆ ಪಡೆದ ಫೋನನ್ನು ಮೂರು ವರ್ಷ ತುಂಬಿದಾಗ ರೂ. 4,000ಕ್ಕೆ ಮಾರಿದರೆ, ಉಳಿದ ಶೇ. 40 ಅಂದರೆ ರೂ. 1,296, ಮಾರಾಟದ ತೆರಿಗೆ ರೂ. 720. ಕಟ್ಟಬೇಕಾದದ್ದು ರೂ. 1,296.

ಆದಾಯ ತೆರಿಗೆಯ ಲೆಕ್ಕದಲ್ಲಿ ಮೊಬೈಲ್ ಫೋನನ್ನು ಕಂಪ್ಯೂಟರ್ ಎಂದಲ್ಲದೆ ಸಾಮಾನ್ಯ ಯಂತ್ರೋಪಕರಣವೆಂದು ಪರಿಗಣಿಸಿ ಶೇ. 15ರಂತೆ ಸವಕಳಿ ಹಾಕುವುದು ರೂಢಿ. ರೂ. 18,000ದ ಫೋನಿನ ಪಾಲು ನಾಲ್ಕು ವರ್ಷಗಳ ನಂತರವೂ ಪುಸ್ತಕದಲ್ಲಿ ರೂ. 9,396 ಎಂದೇ ಉಳಿದಿರುತ್ತದೆ. ಮಾರುಕಟ್ಟೆಯಲ್ಲಿ ಅಷ್ಟು ಯಾರೂ ಕೊಡುವುದಿಲ್ಲ. ಪುಸ್ತಕದ ಬೆಲೆಯಾಗಲಿ, ಹಿಂದೆ ತೆತ್ತ ಬೆಲೆಯಾಗಲಿ ಇಂದಿನ ತೀರ್ಮಾನಕ್ಕೆ ಆಧಾರವಾಗಬಾರದು. ತಮ್ಮ ಸಂಸ್ಥೆಗೆ ಅನ್ವಯಿಸುವ ವಿವರಗಳನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳುವುದು ಉಚಿತ.

ತೀರ್ಮಾನಕ್ಕೆ ಐದು ಪ್ರಶ್ನೆಗಳು

1. ಭದ್ರತಾ ಪರಿಷ್ಕರಣೆ ಇನ್ನೂ ಬರುತ್ತಿದೆಯೇ? ನಿಂತಿದ್ದರೆ, ಬ್ಯಾಂಕ್ ಮತ್ತು ಯು.ಪಿ.ಐ. ವ್ಯವಹಾರವನ್ನು ಬೆಂಬಲವಿರುವ ಬೇರೊಂದು ಫೋನಿಗೆ ವರ್ಗಾಯಿಸಬೇಕು. ಉಳಿದ ಪ್ರಶ್ನೆಗಳನ್ನು ಕೇಳುವ ಅಗತ್ಯವಿಲ್ಲ.

2. ಬರುತ್ತಿದ್ದರೆ, ತೊಂದರೆ ಬ್ಯಾಟರಿಯದೇ? ಹೌದಾದರೆ ಬ್ಯಾಟರಿ ಬದಲಿಸಬೇಕು.

3. ಸಂಗ್ರಹ ಖಾಲಿ ಮಾಡಿದ ಮೇಲೂ ನಿಧಾನವೇ? ಹೌದಾದರೆ ವ್ಯರ್ಥವಾಗುವ ಸಮಯಕ್ಕೆ ಬೆಲೆ ಕಟ್ಟಿ ಮೇಲಿನ ಲೆಕ್ಕ ಹಾಕಬೇಕು.

4. ದುರಸ್ತಿಯ ವೆಚ್ಚ ಫೋನಿನ ಇಂದಿನ ಮಾರಾಟ ಬೆಲೆಯನ್ನು ಮೀರುತ್ತದೆಯೇ? ಒಡೆದ ಪರದೆಯ ವಿಷಯದಲ್ಲಿ ಹೀಗಾಗುವುದುಂಟು. ಮೀರಿದರೆ ಬದಲಿಸುವುದೇ ಸರಿ.

5. ಹೊಸದರಲ್ಲಿ ನಮ್ಮ ವ್ಯವಹಾರಕ್ಕೆ ಬೇಕಾದದ್ದು ಏನಿದೆ? ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು; ಆದರೆ ಯು.ಪಿ.ಐ. ಪಾವತಿಗೆ ಬೇಕಾದ ದತ್ತಾಂಶ ಅತ್ಯಲ್ಪ, ಅದಕ್ಕೆ 4ಜಿ ಸಾಕು. ಸರಕಿನ ಚಿತ್ರ ತೆಗೆದು ಮಾರುವ ಸೀರೆ ವ್ಯಾಪಾರಿಗೆ ಉತ್ತಮ ಕ್ಯಾಮೆರಾ ಬಂಡವಾಳ; ಸಿಮೆಂಟ್ ವ್ಯಾಪಾರಿಗೆ ಅದು ಶೋಕಿ.

ಕೊಳ್ಳುವುದೇ ನಿಶ್ಚಯವಾದರೆ ಪರಿಷ್ಕರಣೆ ಮುಗಿಯುವ ವರ್ಷವನ್ನು ಬೆಲೆಯೊಂದಿಗೆ ಓದಬೇಕು. ಎರಡು ವರ್ಷ ಬೆಂಬಲ ಉಳಿದಿರುವ ರೂ. 12,000ದ ಫೋನ್ ತಿಂಗಳಿಗೆ ರೂ. 500, ಆರು ವರ್ಷ ಉಳಿದಿರುವ ರೂ. 24,000ದ ಫೋನನ್ನು ಐದು ವರ್ಷ ಬಳಸಿದರೆ ತಿಂಗಳಿಗೆ ರೂ. 400. ಯುರೋಪಿಯನ್ ಒಕ್ಕೂಟವು 2025ರ ಜೂನ್ 20ರಿಂದ ತನ್ನ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ನಂತರವೂ ಕನಿಷ್ಠ 5 ವರ್ಷ ಪರಿಷ್ಕರಣೆ, 800 ಆವರ್ತಗಳ ನಂತರವೂ ಶೇ. 80 ಸಾಮರ್ಥ್ಯ ಉಳಿಸುವ ಬ್ಯಾಟರಿ ಇರಬೇಕೆಂದು ವಿಧಿಸಿದೆ. ನಾವು ಅಂಗಡಿಯಲ್ಲಿ ಪ್ರಶ್ನೆ ಕೇಳುವಾಗ ಇದನ್ನೇ ಮಾನದಂಡವಾಗಿ ಇಟ್ಟುಕೊಳ್ಳಬಹುದು. ಬಳಸಿದ ಫೋನ್ ಕೊಳ್ಳುವವರು *#06# ಒತ್ತಿ ಐ.ಎಂ.ಇ.ಐ. ಸಂಖ್ಯೆ ಪಡೆದು, ಅದು ಕಳವಿನ ಮಾಲಲ್ಲವೆಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ವ್ಯವಸ್ಥೆಯಲ್ಲಿ ಪರಿಶೀಲಿಸತಕ್ಕದ್ದು.

ಬದಲಿಸುವ ದಿನ

ವಿವರಣ ಪತ್ರ ಸಲ್ಲಿಸುವ 11 ಮತ್ತು 20ನೇ ತಾರೀಖುಗಳ ಹತ್ತಿರ, ಹಬ್ಬದ ಭರಾಟೆಯಲ್ಲಿ ಫೋನ್ ಬದಲಿಸಬಾರದು. ಹೊಸ ಸಾಧನದಲ್ಲಿ ಯು.ಪಿ.ಐ. ನೋಂದಾಯಿಸಿದ ಮೊದಲ 24 ಗಂಟೆಗಳಾದರೂ ಪಾವತಿಯ ಮೊತ್ತಕ್ಕೆ ಮಿತಿ ಇರುವುದು ಸಾಮಾನ್ಯ. ಅಂದೇ ಸಗಟು ಖರೀದಿಗೆ ಹೊರಟರೆ ಪೇಚಾಟ ತಪ್ಪದು.

ಹಳೆಯ ಫೋನಿನಲ್ಲಿರುವ ಆರ್ಡರು, ಬಿಲ್ಲು, ರಸೀದಿಗಳ ಪ್ರತಿಯನ್ನು ಮೊದಲು ಕಂಪ್ಯೂಟರಿಗೆ ಇಳಿಸಬೇಕು. ಜಿ.ಎಸ್.ಟಿ. ಕಾಯಿದೆಯಂತೆ ವಾರ್ಷಿಕ ವಿವರಣ ಪತ್ರದ ಅಂತಿಮ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಉಳಿಸಬೇಕು. ಫೋನಿನ ಆಯುಷ್ಯಕ್ಕಿಂತ ದಾಖಲೆಯ ಆಯುಷ್ಯ ದೊಡ್ಡದು. 2025ರ ಜುಲೈನಲ್ಲಿ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದಾಗ, ಯಾವ ಹಣ ಯಾವ ಬಾಬ್ತಿನದು ಎಂದು ತೋರಿಸುವ ದಾಖಲೆಯ ಮಹತ್ವ ಎಲ್ಲರಿಗೂ ಮನವರಿಕೆಯಾಯಿತು.

ಹಳೆಯ ಫೋನನ್ನು ಕೂಡಲೇ ಕೊಟ್ಟುಬಿಡದೆ ಒಂದು ತಿಂಗಳು ಜೊತೆಗಿರಿಸಿಕೊಳ್ಳುವುದು ಜಾಣತನ. ಎಲ್ಲವೂ ವರ್ಗಾವಣೆಯಾಗಿದೆಯೆಂದು ಖಚಿತವಾದ ಮೇಲೆ, ಖಾತೆಗಳಿಂದ ಹೊರಬಂದು, ಮೂಲ ಸ್ಥಿತಿಗೆ ಮರಳಿಸಿ ಎಲ್ಲ ಮಾಹಿತಿ ಅಳಿಸಿಯೇ ಕೈ ಬಿಡಬೇಕು. ಮಾರಾಟವಾಗದ ಫೋನನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಸಂಸ್ಕರಣೆಗಾರರಿಗೆ ಒಪ್ಪಿಸುವುದು ಸರಿಯಾದ ಕ್ರಮ. ಪರಿಷ್ಕರಣೆ ನಿಂತರೂ ಗಟ್ಟಿಯಾಗಿರುವ ಫೋನನ್ನು ಸಿಮ್ ಮತ್ತು ಬ್ಯಾಂಕ್ ಆ್ಯಪ್‌ಗಳಿಲ್ಲದೆ ಗೋದಾಮಿನ ದಾಸ್ತಾನು ಚಿತ್ರ ತೆಗೆಯಲು ಇಟ್ಟುಕೊಳ್ಳಲೂ ಅಡ್ಡಿಯಿಲ್ಲ.

ಉಪಸಂಹಾರ

ಸವೆದ ಬ್ಯಾಟರಿಗೆ ಹೆದರಿ ಫೋನ್ ಬದಲಿಸಬೇಕಾಗಿಲ್ಲ. ನಿಂತ ಭದ್ರತೆಯನ್ನು ಕಡೆಗಣಿಸಿ ಫೋನ್ ಮುಂದುವರಿಸಲಾಗದು. ಇಷ್ಟು ನೆನಪಿದ್ದರೆ ಜಾಹೀರಾತು ನಮ್ಮ ಪರವಾಗಿ ತೀರ್ಮಾನ ಮಾಡಲಾರದು. ಸದಸ್ಯರು ಇಂದೇ ತಮ್ಮ ಮತ್ತು ಸಿಬ್ಬಂದಿಯ ಫೋನುಗಳ ಕೊನೆಯ ಪರಿಷ್ಕರಣೆಯ ದಿನಾಂಕ ನೋಡಿ, ವಾಹನದ ಎಫ್.ಸಿ. ಮತ್ತು ತಕ್ಕಡಿಯ ಮುದ್ರೆಯ ದಿನಾಂಕ ಬರೆದಿರುವ ಅದೇ ಪುಸ್ತಕದ ಅದೇ ಪುಟದಲ್ಲಿ ಅದನ್ನೂ ಬರೆದಿಟ್ಟುಕೊಳ್ಳಬೇಕೆಂದು ಕೋರಿಕೆ.